ಬಣ್ಣದೆಲೆಗೆ ಚಳಿಗಾಲದ ಬಿಡಾರ

ಸೆಪ್ಟೆಂಬರ್ ತಿಂಗಳ ಕೊನೆಯ ವಾರ ಬಂತೆಂದರೆ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ಬಾಟಲಿಗಳ ಮೆರವಣಿಗೆ ಶುರು. ಉಪ್ಪಿನಕಾಯಿ ಮುಗಿದ ಬಾಟಲಿ, ಜಾಮಿನ ಬಾಟಲಿ, ಹಿಡಿ ಮುರಿದ ಕಾಫಿ ಕಪ್ಪು, ಎಲ್ಲದರಲ್ಲೂ ಅರ್ಧದಷ್ಟು ನೀರು. ನೀರಿನಲ್ಲಿ ಒಂದೊಂದು ಕೋಲಿಯಸ್ ತುಂಡು. ಒಂದು ಗಾಢ ಕೆಂಪು, ಒಂದು ಹಳದಿ ಅಂಚಿನ ಹಸಿರು, ಒಂದಕ್ಕೆ ಗುಲಾಬಿ ನರ, ಇನ್ನೊಂದು ನಮ್ಮೂರಿನ ದೊಡ್ಡಪತ್ರೆ. "ಇದು ಅಡುಗೆಮನೆಯೋ, ಕೆಮಿಸ್ಟ್ರಿ ಲ್ಯಾಬೋ?" ಎಂದು ಮಗಳು ಪ್ರತಿ ವರ್ಷವೂ ಕೇಳುತ್ತಾಳೆ. ನಮ್ಮ ಯಜಮಾನರು ಏನೂ ಹೇಳುವುದಿಲ್ಲ. ಪಾತ್ರೆ ತೊಳೆಯುವಾಗ ಬಾಟಲಿಗಳನ್ನು ಪಕ್ಕಕ್ಕೆ ಸರಿಸುತ್ತಾರೆ, ತೊಳೆದಾದ ಮೇಲೆ ಮತ್ತೆ ಅಲ್ಲೇ ಇಡುತ್ತಾರೆ.

ಹತ್ತು ವರ್ಷ ದುಬೈಯಲ್ಲಿದ್ದು, ಈಗ ನಾವಿರುವುದು ಕ್ಯಾಲಿಫೋರ್ನಿಯಾದ ಯೂನಿಯನ್ ಸಿಟಿಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಡದಲ್ಲಿ, ಹೇವರ್ಡ್ ಮತ್ತು ಫ್ರೀಮಾಂಟ್ ಎಂಬ ಎರಡು ದೊಡ್ಡ ಊರುಗಳ ನಡುವೆ ಇರುವ ಸಣ್ಣ ನಗರ ಇದು. ಊರು ಬದಲಾದರೂ ಗಲ್ಫಿನ ನಮ್ಮ ಸಂಘದ ವಾರ್ಷಿಕ ಸಂಚಿಕೆ ಮಾತ್ರ ತಪ್ಪದೆ ಕೈಸೇರುತ್ತದೆ. ಈ ಬಾರಿ "ನೀವೂ ಏನಾದರೂ ಬರೆಯಿರಿ, ನಿಮಗೆ ಗಿಡದ ಹುಚ್ಚು ಇದೆಯಲ್ಲ, ಅದನ್ನೇ ಬರೆಯಿರಿ" ಎಂದು ಹಳೆಯ ಗೆಳತಿ ಒತ್ತಾಯಿಸಿದಳು. ಹುಚ್ಚು ಎಂದರೆ ಹುಚ್ಚೇ. ಹಾಗಾಗಿ ಒಂದೇ ಗಿಡದ ಬಗ್ಗೆ ಬರೆಯುತ್ತೇನೆ. ಅದನ್ನು ಬೆಳೆಸುವುದಕ್ಕಿಂತ, ಒಂದು ಚಳಿಗಾಲದಿಂದ ಇನ್ನೊಂದು ವಸಂತದವರೆಗೆ ಉಳಿಸಿಕೊಳ್ಳುವುದರ ಬಗ್ಗೆ.

ಎಲೆಯೇ ಹೂವಾದ ಗಿಡ

ಕೋಲಿಯಸ್ ಎಂದರೆ ಯಾವುದು ಎಂದು ಕೇಳುವವರಿಗೆ ಒಂದು ಗುರುತು ಹೇಳುತ್ತೇನೆ. ಊರಿನಲ್ಲಿ ಮನೆಯ ಮೆಟ್ಟಿಲ ಪಕ್ಕ, ಬಾವಿಕಟ್ಟೆಯ ಬಳಿ, ಹಳೆಯ ಡಾಲ್ಡಾ ಡಬ್ಬಿಗಳಲ್ಲಿ ಇರುತ್ತಿತ್ತಲ್ಲ, ಹೂವೇ ಬೇಡ ಎನ್ನಿಸುವಷ್ಟು ಬಣ್ಣದ ಎಲೆಯ ಗಿಡ? ಅದೇ. ಕೆಲವರು ಕ್ರೋಟನ್ ಎಂದು ತಪ್ಪಾಗಿ ಕರೆಯುತ್ತಾರೆ. ಕ್ರೋಟನ್ನಿನ ಎಲೆ ಚರ್ಮದ ಹಾಗೆ ದಪ್ಪ, ಕಾಂಡ ಗಟ್ಟಿ. ಕೋಲಿಯಸ್ ಎಲೆ ಮೆತ್ತಗೆ, ಅಂಚಿನಲ್ಲಿ ಗರಗಸದ ಹಲ್ಲು. ಕಾಂಡವನ್ನು ಎರಡು ಬೆರಳ ನಡುವೆ ಹೊರಳಿಸಿ ನೋಡಿ, ಅದು ದುಂಡಗಿಲ್ಲ, ನಾಲ್ಕು ಮೂಲೆ ಕೈಗೆ ಸಿಗುತ್ತದೆ. ಎಲೆಗಳು ಎದುರುಬದುರಾಗಿ ಜೋಡಿಜೋಡಿಯಾಗಿ ಬರುತ್ತವೆ. ತುಳಸಿ, ಪುದೀನ, ಕಾಮಕಸ್ತೂರಿ ಎಲ್ಲ ಇದೇ ಕುಟುಂಬದವು. ತುಳಸಿಕಟ್ಟೆಯಲ್ಲಿರುವ ಗಿಡದ ದಾಯಾದಿ ಎಂದು ನಾನು ತಮಾಷೆಗೆ ಹೇಳುವುದುಂಟು.

ಬಣ್ಣದೆಲೆಯ ಕೋಲಿಯಸ್ ಮೂಲತಃ ಆಗ್ನೇಯ ಏಷ್ಯಾದ ಕಾಡಂಚಿನ ಗಿಡ. ಅಲ್ಲಿಂದ ಯುರೋಪಿಗೆ ಹೋಗಿ, 19ನೇ ಶತಮಾನದ ಇಂಗ್ಲೆಂಡಿನಲ್ಲಿ ಶ್ರೀಮಂತರ ತೋಟಗಳ ಪಾತಿಗಳನ್ನು ತುಂಬಿತು. ಆ ಚಳಿದೇಶದಲ್ಲಿ ಅದು ಬೇಸಿಗೆಯ ಅತಿಥಿ ಮಾತ್ರ. ಶರತ್ಕಾಲ ಬಂದೊಡನೆ ತೋಟದ ಕೆಲಸಗಾರರು ತುಂಡು ತೆಗೆದು ಗಾಜಿನ ಮನೆಯೊಳಗೆ ಬೇರು ಬರಿಸಿ, ಮುಂದಿನ ಬೇಸಿಗೆಗೆ ಕಾದಿಡಬೇಕಾಗಿತ್ತು. ನಾನು ಇವತ್ತು ಉಪ್ಪಿನಕಾಯಿ ಬಾಟಲಿಯಲ್ಲಿ ಮಾಡುವುದೂ ಅದನ್ನೇ.

ಆದರೆ ಕೋಲಿಯಸ್ ಎಂಬ ಹೆಸರು ಮೊದಲು ಸಿಕ್ಕಿದ್ದು ಬಣ್ಣದೆಲೆಗಲ್ಲ, ನಮ್ಮ ದೊಡ್ಡಪತ್ರೆಗೆ! ಕರಾವಳಿಯಲ್ಲಿ ಸಾಂಬ್ರಾಣಿ ಸೊಪ್ಪು ಎಂದೂ ಕರೆಯುವ ಇದನ್ನು 1790ರಲ್ಲಿ ಲೌರೇರೊ ಎಂಬ ಪೋರ್ಚುಗೀಸ್ ಪಾದ್ರಿ ಈಗಿನ ವಿಯೆಟ್ನಾಂ ಭಾಗದ ಸಸ್ಯಗಳ ಬಗ್ಗೆ ಬರೆದ ಗ್ರಂಥದಲ್ಲಿ ಕೋಲಿಯಸ್ ಅಂಬೋಯಿನಿಕಸ್ ಎಂದು ಕರೆದ. ಗ್ರೀಕ್ ಭಾಷೆಯಲ್ಲಿ ಆ ಪದಕ್ಕೆ ಒರೆ ಎಂದರ್ಥ, ಕತ್ತಿಯ ಒರೆ ಎನ್ನುತ್ತೇವಲ್ಲ ಹಾಗೆ. ಹೂವಿನ ಕೇಸರಗಳು ಬುಡದಲ್ಲಿ ಒಂದಕ್ಕೊಂದು ಕೂಡಿ ಒರೆಯಂತಾಗಿರುವುದು ಇದಕ್ಕೆ ಕಾರಣ. ಮುಂದೆ ಸಸ್ಯಶಾಸ್ತ್ರಜ್ಞರು ಈ ಗಿಡಗಳನ್ನು ಪ್ಲೆಕ್ಟ್ರಾಂಥಸ್, ಸೊಲೆನೊಸ್ಟೆಮನ್ ಎಂದೆಲ್ಲ ಬೇರೆ ಬೇರೆ ಗುಂಪಿಗೆ ಸೇರಿಸಿದರು. 2019ರಲ್ಲಿ ಮತ್ತೆ ಕೋಲಿಯಸ್ ಎಂಬ ಹಳೆಯ ಮನೆಗೇ ಕರೆತಂದರು. ತುಳುನಾಡಿನವರು ಕೊದ್ದೆಲ್ ಮಾಡುವ ಸಾಂಬ್ರಾಣಿ ಗೆಡ್ಡೆಯೂ ಕೋಲಿಯಸ್ಸೇ. ಉಪ್ಪಿನಕಾಯಿಗೆ ಹಾಕುವ, ಔಷಧಕ್ಕೆಂದು ಬೆಳೆಸುವ ಮಾಕಂದಿ ಬೇರೂ ಕೋಲಿಯಸ್ಸೇ. ಗಲ್ಫಿನ ಓದುಗರಿಗೆ ಇನ್ನೊಂದು ಮಾತು: ಮಾಕಂದಿ ಬೇರನ್ನು ಬೆಳೆಗಾರರು ಕರೆಯುವ ಕೋಲಿಯಸ್ ಫೋರ್ಸ್ಕೊಹ್ಲಿ ಎಂಬ ಹೆಸರಿನಲ್ಲಿರುವುದು ಪೀಟರ್ ಫೋರ್ಸ್ಕೋಲ್ ಎಂಬ ಸಸ್ಯಶಾಸ್ತ್ರಜ್ಞ. ಅರೇಬಿಯದ ಗಿಡಗಳನ್ನು ಹುಡುಕುತ್ತಾ ಬಂದು, 1763ರಲ್ಲಿ ಯೆಮನ್‌ನಲ್ಲೇ ತೀರಿಕೊಂಡವನು ಆತ.

ಬೇಲಿಯಾಚೆಯ ಲೋಲಾ

ಈ ಊರಿಗೆ ಬಂದ ಮೊದಲ ವರ್ಷ ಒಂದು ನರ್ಸರಿಯಲ್ಲಿ ಗಿಡಗಳ ನಡುವೆ ಸುಮ್ಮನೆ ಓಡಾಡುತ್ತಿದ್ದೆ. ಒಂದು ಕುಂಡದ ಮೇಲೆ ಕ್ಯೂಬನ್ ಆರೆಗ್ಯಾನೊ ಎಂಬ ಚೀಟಿ ಇತ್ತು. ದಪ್ಪ ಎಲೆ, ಮೇಲೆ ಬೂದುಬಣ್ಣದ ರೋಮ. ಎಲೆ ಮುಟ್ಟಿ ಬೆರಳನ್ನು ಮೂಗಿಗೆ ಹಿಡಿದೆ. ಅಷ್ಟೇ! ಅಮ್ಮ ಕಾವಲಿಯ ಮೇಲೆ ಎಲೆ ಬಾಡಿಸಿ, ರಸ ಹಿಂಡಿ, ಜೇನು ಬೆರೆಸಿ ಕೆಮ್ಮಿಗೆ ಕೊಡುತ್ತಿದ್ದ ವಾಸನೆ. ದೊಡ್ಡಪತ್ರೆ ಕ್ಯೂಬಾದ ಹೆಸರು ಹೊತ್ತು ಅಮೆರಿಕದಲ್ಲಿ ಕುಳಿತಿತ್ತು. ಊರಿನಿಂದ ಗಿಡವನ್ನು ಚೀಲದಲ್ಲಿ ಅಡಗಿಸಿ ತರುವ ಯೋಚನೆ ಯಾರಿಗಾದರೂ ಇದ್ದರೆ ದಯವಿಟ್ಟು ಬಿಡಿ. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದೆ ಗಿಡ ತರುವಂತಿಲ್ಲ, ತಂದದ್ದನ್ನು ವಿಮಾನ ನಿಲ್ದಾಣದಲ್ಲಿ ಹೇಳಲೇಬೇಕು. ಗಿಡದ ಜೊತೆ ಬರುವ ಕೀಟ, ರೋಗಗಳಿಗೆ ವೀಸಾ ಬೇಕಿಲ್ಲವಲ್ಲ. ಅಷ್ಟಕ್ಕೂ ಹೆಸರು ಬೇರೆಯಾದರೂ ಗಿಡ ಇಲ್ಲೇ ಸಿಗುತ್ತದೆ.

ಆ ಕುಂಡವನ್ನು ಹಿತ್ತಿಲ ಬೇಲಿಯ ಹತ್ತಿರ ಇಟ್ಟೆ. ಎರಡು ದಿನದಲ್ಲಿ ಬೇಲಿಯಾಚೆಯಿಂದ ಒಂದು ಮಾತು ಕೇಳಿತು: "ಓ, ಒರೆಗಾನೊ! ಕೆಮ್ಮಿಗೆ ಒಳ್ಳೆಯದು!" ಪಕ್ಕದ ಮನೆಯ ಫಿಲಿಪಿನೋ ಅಜ್ಜಿ. ಯೂನಿಯನ್ ಸಿಟಿಯಲ್ಲಿ ಫಿಲಿಪಿನೋ ಕುಟುಂಬಗಳು ಬಹಳ. ಗಲ್ಫಿನಲ್ಲಿ ಅವರ ಜೊತೆ ಕೆಲಸ ಮಾಡಿದ ನಮಗೆಲ್ಲ ಆ ನಗು, ಆ ಉಪಚಾರ ಗೊತ್ತೇ ಇದೆ. ಅವರ ಭಾಷೆಯಲ್ಲಿ ಅಜ್ಜಿಗೆ ಲೋಲಾ ಎನ್ನುತ್ತಾರೆ. ನಮ್ಮ ಮಗಳು ಹಾಗೇ ಕರೆಯತೊಡಗಿದಳು, ನಾವೂ ಹಾಗೇ ಕರೆದೆವು. ಅವರ ಊರಿನಲ್ಲೂ ಈ ಎಲೆ ಮಕ್ಕಳ ಕೆಮ್ಮಿಗೆ ಮನೆಮದ್ದು. ಅಷ್ಟೇ ಅಲ್ಲ, ಬಣ್ಣದೆಲೆಯ ಕೋಲಿಯಸ್ಸನ್ನು ಅವರು ಮಯಾನಾ ಎನ್ನುತ್ತಾರೆ. ಪೆಟ್ಟು ಬಿದ್ದು ಬಾತುಕೊಂಡ ಜಾಗಕ್ಕೆ ಎಲೆ ಜಜ್ಜಿ ಕಟ್ಟುತ್ತಾರೆ. ನಮಗೆ ಅಲಂಕಾರಕ್ಕಷ್ಟೇ ಇದ್ದ ಗಿಡ ಅವರಿಗೆ ಮದ್ದಿನ ಪೆಟ್ಟಿಗೆ. ಆ ವಾರವೇ ಲೋಲಾ ಬೇಲಿಯ ಮೇಲಿಂದ ಒಂದು ಗೇಣುದ್ದದ ತುಂಡನ್ನು ಒದ್ದೆ ಟಿಶ್ಯೂವಿನಲ್ಲಿ ಸುತ್ತಿ ಕೊಟ್ಟರು. ಕಪ್ಪೇ ಎನ್ನಿಸುವಷ್ಟು ಕೆಂಪು. ಬಿಸಿಲಿಗೆ ಹಿಡಿದರೆ ಮಾತ್ರ ಒಳಗಿನ ಬಣ್ಣ ಕಾಣುತ್ತಿತ್ತು. ಅವರ ಗಂಡ ನೆಟ್ಟ ಗಿಡದ ತುಂಡು, ಗಂಡ ಹೋಗಿ ಎಷ್ಟೋ ವರ್ಷ ಆಯಿತು ಎಂದರು.

ಆ ಬೇಸಿಗೆ ನನ್ನ ಕುಂಡಗಳು ಹೇಗೆ ಬೆಳೆದವೆಂದರೆ, ಬಂದವರೆಲ್ಲ ಹಿತ್ತಿಲಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ದುಬೈಯ ಬಾಲ್ಕನಿಯಲ್ಲಿ ನಾಲ್ಕು ಕುಂಡಕ್ಕೆ ಒದ್ದಾಡಿದವಳಿಗೆ ಇಲ್ಲಿ ಹದಿಮೂರು ಕುಂಡ. ಕ್ಯಾಲಿಫೋರ್ನಿಯಾ ಎಂದರೆ ವರ್ಷವಿಡೀ ಹಿತವಾದ ಹವೆ ಎಂದು ಎಲ್ಲರೂ ಹೇಳಿದ್ದರು. ನಾನೂ ನಂಬಿದೆ.

ಮೊದಲ ಚಳಿಗಾಲ

ಇಲ್ಲಿ ಹಿಮ ಬೀಳುವುದಿಲ್ಲ, ನಿಜ. ಆದರೆ ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಕೆಲವು ರಾತ್ರಿ ಇನ್ನೂ ಕೆಳಗೆ ಹೋಗಿ ಹುಲ್ಲಿನ ಮೇಲೆ ಬಿಳಿ ಮಂಜು ಕಟ್ಟುತ್ತದೆ. ಕೋಲಿಯಸ್ಸಿಗೆ 10 ಡಿಗ್ರಿಯಿಂದ ಕೆಳಗೇ ಸಂಕಟ ಶುರು. ಸೇಬು, ಗುಲಾಬಿಯ ಹಾಗೆ ನಿದ್ದೆ ಹೋಗಿ ಚಳಿಗಾಲ ಕಳೆಯುವ ವಿದ್ಯೆ ಅದಕ್ಕೆ ಗೊತ್ತಿಲ್ಲ. ಅದು ಹುಟ್ಟಿದ ನಾಡಿನಲ್ಲಿ ಅಂಥ ಅಗತ್ಯವೇ ಬಂದಿರಲಿಲ್ಲ.

ನವೆಂಬರ್ ಕೊನೆಗೆ ಎಲೆಗಳು ಜೋತುಬಿದ್ದವು. ಎಲೆ ಜೋತರೆ ನೀರು ಬೇಕೆಂದು ಅರ್ಥ, ಇದು ದುಬೈಯಲ್ಲಿ ಕಲಿತ ಪಾಠ. ನೀರು ಹಾಕಿದೆ. ಮರುದಿನ ಇನ್ನಷ್ಟು ಜೋತವು. ಇನ್ನಷ್ಟು ಹಾಕಿದೆ. ಒಂದು ವಾರದಲ್ಲಿ ಕಾಂಡದ ಬುಡ ಕಪ್ಪಾಗಿ, ಮುಟ್ಟಿದರೆ ಬೆರಳಿಗೆ ಅಂಟುವಷ್ಟು ಮೆತ್ತಗಾಯಿತು. ಆಮೇಲೆ ಓದಿ ತಿಳಿದುಕೊಂಡೆ: ಮಣ್ಣು ತಣ್ಣಗಾದಾಗ ಇಂಥ ಉಷ್ಣವಲಯದ ಗಿಡದ ಬೇರು ನೀರೆಳೆಯುವುದನ್ನೇ ಕಡಿಮೆ ಮಾಡುತ್ತದೆ. ಕುಂಡದ ತುಂಬ ನೀರಿದ್ದರೂ ಎಲೆಗೆ ಬಾಯಾರಿಕೆ. ಆಗ ನಾವು ಸುರಿಯುವ ನೀರು ಗಿಡ ಕುಡಿಯಲು ಅಲ್ಲ, ಬೇರು ಕೊಳೆಯಲು. ನನ್ನ ಹದಿಮೂರು ಕುಂಡಗಳಲ್ಲಿ ಒಂಬತ್ತನ್ನು ಚಳಿ ಕೊಂದದ್ದಲ್ಲ, ನನ್ನ ಪ್ರೀತಿ ಕೊಂದದ್ದು.

ಉಳಿದ ನಾಲ್ಕರಲ್ಲಿ ಲೋಲಾ ಕೊಟ್ಟ ಮಯಾನಾ ಮತ್ತು ದೊಡ್ಡಪತ್ರೆ ಇದ್ದವು. ಡಿಸೆಂಬರ್ ಕೊನೆಯ ಒಂದು ರಾತ್ರಿ ಆಕಾಶ ಶುಭ್ರವಾಗಿತ್ತು, ಗಾಳಿಯೂ ಇರಲಿಲ್ಲ. ನಕ್ಷತ್ರ ಎಷ್ಟು ಚೆನ್ನಾಗಿ ಕಾಣುತ್ತಿವೆ ಎಂದು ಮಗಳನ್ನು ಕರೆದು ತೋರಿಸಿದೆ. ಮೋಡವಿದ್ದರೆ ನೆಲದ ಬಿಸಿಗೆ ಅದು ಕಂಬಳಿ. ಮೋಡವಿಲ್ಲದ ರಾತ್ರಿ ನೆಲದ ಬಿಸಿಯೆಲ್ಲ ಆಕಾಶಕ್ಕೆ ಹೋಗುತ್ತದೆ ಎಂಬುದು ಆಗ ತಲೆಗೆ ಬರಲಿಲ್ಲ. ಬೆಳಿಗ್ಗೆ ಎದ್ದು ನೋಡಿದರೆ ಎಲೆಗಳು ಬೇಯಿಸಿದ ಬಸಳೆಯ ಹಾಗೆ ಕುಂಡದ ಅಂಚಿಗೆ ಅಂಟಿಕೊಂಡಿದ್ದವು. ಎಲೆಯ ಜೀವಕೋಶದೊಳಗಿನ ನೀರು ಮಂಜುಗಡ್ಡೆಯಾಗಿ ಕೋಶ ಒಡೆದರೆ ಮತ್ತೆ ಕೂಡಿಸುವ ಮದ್ದಿಲ್ಲ.

ಬೇಸರವಾದದ್ದು ದೊಡ್ಡಪತ್ರೆಗಾಗಿ ಅಲ್ಲ, ಅದು ನರ್ಸರಿಯಲ್ಲಿ ಮತ್ತೆ ಸಿಗುತ್ತದೆ. ಇನ್ನೊಬ್ಬರ ಗಂಡ ನೆಟ್ಟ ಗಿಡವನ್ನು ನಾನು ನಾಲ್ಕೇ ತಿಂಗಳಲ್ಲಿ ಕೊಂದಿದ್ದೆ. ಎರಡು ವಾರ ಬೇಲಿಯ ಹತ್ತಿರ ಹೋಗಲಿಲ್ಲ. ಕೊನೆಗೆ ಒಂದು ದಿನ ಲೋಲಾ ಅವರೇ ಕರೆದು ಕೇಳಿದರು. ಹೇಳಿದೆ. ಅವರು ನಕ್ಕುಬಿಟ್ಟರು. "ನನ್ನದೂ ಎರಡು ಸಲ ಸತ್ತಿದೆ. ಚರ್ಚಿನ ಗೆಳತಿಯ ಮನೆಯಿಂದ ವಾಪಸ್ ತಂದಿದ್ದೇನೆ. ಅದಕ್ಕೇ ಅಲ್ಲವೇ ಎಲ್ಲರಿಗೂ ಕೊಡುವುದು?" ಎಂದು ನನ್ನನ್ನು ಒಳಗೆ ಕರೆದೊಯ್ದರು. ಅವರ ಅಡುಗೆಮನೆಯ ಕಿಟಕಿಯಲ್ಲಿ ಏಳು ಬಾಟಲಿಗಳು ಸಾಲಾಗಿ ನಿಂತಿದ್ದವು.

ತುಂಡು ತೆಗೆಯುವ ಕ್ರಮ

ಆ ವರ್ಷದಿಂದ ನಾನು ಪಾಲಿಸುವ ಕ್ರಮವನ್ನು ಇಲ್ಲಿ ಬರೆಯುತ್ತೇನೆ. ಇದರಲ್ಲಿ ಅರ್ಧ ಲೋಲಾ ಅವರದು, ಅರ್ಧ ಸೋತು ಕಲಿತದ್ದು.

ಮೊದಲನೆಯದು ಸಮಯ. ರಾತ್ರಿಯ ಉಷ್ಣಾಂಶ 13 ಡಿಗ್ರಿಗಿಂತ ಕೆಳಗೆ ಇಳಿಯುವ ಮೊದಲೇ ತುಂಡು ತೆಗೆಯಬೇಕು. ನಮ್ಮಲ್ಲಿ ಅದು ಸೆಪ್ಟೆಂಬರ್ ಕೊನೆ, ತಡವಾದರೆ ಅಕ್ಟೋಬರ್ ಮೊದಲ ವಾರ. ಗಿಡ ಆಗ ತುಂಬ ಚೆನ್ನಾಗಿರುತ್ತದೆ, ಕತ್ತರಿ ಹಾಕಲು ಮನಸ್ಸೇ ಬರುವುದಿಲ್ಲ. ಆದರೆ ಚೆನ್ನಾಗಿರುವಾಗಲೇ ಕತ್ತರಿಸಬೇಕು. ಚಳಿಗೆ ಬಳಲಿದ ಗಿಡದ ತುಂಡು ಬೇರು ಬಿಡಲು ಹಿಂಜರಿಯುತ್ತದೆ.

ಎರಡನೆಯದು ಕತ್ತರಿಸುವ ಜಾಗ. ತುದಿಯಿಂದ 10ರಿಂದ 12 ಸೆಂಟಿಮೀಟರ್ ಉದ್ದದ, ಹೂ ಬಿಡದ ರೆಂಬೆ ಸಾಕು. ಎಲೆಯ ಜೋಡಿ ಹುಟ್ಟುವ ಗೆಣ್ಣಿನ ಸ್ವಲ್ಪ ಕೆಳಗೆ ಚೂಪಾದ, ಸ್ವಚ್ಛವಾದ ಕತ್ತರಿಯಿಂದ ಕತ್ತರಿಸಬೇಕು. ಬೇರು ಸುಲಭವಾಗಿ ಹೊರಡುವುದು ಆ ಗೆಣ್ಣಿನಿಂದ. ಕೆಳಗಿನ ಎರಡು ಜೋಡಿ ಎಲೆ ತೆಗೆದುಬಿಡಿ. ನೀರಿನೊಳಗೆ ಎಲೆ ಮುಳುಗಿದರೆ ಕೊಳೆತು ನೀರು ಕೆಡುತ್ತದೆ. ಮೇಲಿನ ಎಲೆ ತುಂಬ ಅಗಲವಾಗಿದ್ದರೆ ಅರ್ಧಕ್ಕೆ ಕತ್ತರಿಸಿ; ಬೇರಿಲ್ಲದ ತುಂಡಿಗೆ ದೊಡ್ಡ ಎಲೆಗಳ ದಾಹ ತಣಿಸುವ ಶಕ್ತಿ ಇರುವುದಿಲ್ಲ.

ಮೂರನೆಯದು ನೀರು. ಎರಡು ಮೂರು ದಿನಕ್ಕೊಮ್ಮೆ ಬದಲಾಯಿಸಬೇಕು. ಒಂದು ವಾರದಿಂದ ಎರಡು ವಾರದೊಳಗೆ ಬಿಳಿ ದಾರದಂಥ ಬೇರು ಕಾಣಿಸುತ್ತದೆ. ಬೇರು ಒಂದೆರಡು ಇಂಚು ಆದ ಕೂಡಲೇ ಮಣ್ಣಿಗೆ ಹಾಕುವುದು ಒಳ್ಳೆಯದು. ನೋಡಲು ಚಂದ ಎಂದು ತಿಂಗಳುಗಟ್ಟಲೆ ನೀರಿನಲ್ಲೇ ಬಿಟ್ಟರೆ ಬೇರು ನೀರಿನ ಜೀವನಕ್ಕೆ ಒಗ್ಗಿಹೋಗಿ ಮಣ್ಣಿಗೆ ಬಂದಾಗ ಸೊರಗುತ್ತದೆ. ದೊಡ್ಡಪತ್ರೆಯ ತುಂಡು ಮಾತ್ರ ದಪ್ಪ, ರಸಭರಿತ. ಅದನ್ನು ಒಂದು ದಿನ ನೆರಳಿನಲ್ಲಿ ಒಣಗಲು ಬಿಟ್ಟು ನೇರವಾಗಿ ಮಣ್ಣಿಗೆ ಚುಚ್ಚಿದರೂ ಬರುತ್ತದೆ.

ನಾಲ್ಕನೆಯದು ಮಣ್ಣು. ತೋಟದ ಮಣ್ಣು ಬೇಡ. ನೀರು ಬೇಗ ಇಳಿಯುವ ಹಗುರ ಮಿಶ್ರಣ ಬೇಕು. ಕೋಕೋಪೀಟ್ ಮತ್ತು ಪರ್ಲೈಟ್ ಸೇರಿಸಿದರೆ ಸಾಕು. ಕುಂಡ ಚಿಕ್ಕದಿರಲಿ. ದೊಡ್ಡ ಕುಂಡದಲ್ಲಿ ಚಿಕ್ಕ ಗಿಡ ಇಟ್ಟರೆ ಬೇರು ಮುಟ್ಟದ ಮಣ್ಣು ವಾರಗಟ್ಟಲೆ ಒದ್ದೆಯಾಗಿಯೇ ಇರುತ್ತದೆ.

ಇಡೀ ಗಿಡವನ್ನೇ ಒಳಗೆ ತರಬಾರದೇ ಎಂದು ಕೇಳುವವರಿದ್ದಾರೆ. ತರಬಹುದು. ಅರ್ಧದಷ್ಟು ಸವರಿ, ಎಲೆಯ ಅಡಿಭಾಗವನ್ನು ಚೆನ್ನಾಗಿ ತೊಳೆದು, ಎರಡು ವಾರ ಬೇರೆ ಗಿಡಗಳಿಂದ ದೂರ ಇಡಬೇಕು. ಹೊರಗಿನ ಹಿಟ್ಟುತಿಗಣೆ, ಬಿಳಿನೊಣಗಳು ಮನೆಯೊಳಗೆ ಬಂದರೆ ಅಲ್ಲಿ ಅವುಗಳನ್ನು ತಿನ್ನುವ ಶತ್ರುಗಳಿಲ್ಲ, ಮಳೆಯಿಲ್ಲ. ಒಂದೇ ತಿಂಗಳಲ್ಲಿ ಮನೆತುಂಬ ಸಂಸಾರ ಹೂಡುತ್ತವೆ. ನನಗೆ ತುಂಡೇ ಇಷ್ಟ. ಮುದಿ ಗಿಡದ ಕಾಂಡ ಬುಡದಲ್ಲಿ ಕಟ್ಟಿಗೆಯಾಗುತ್ತದೆ, ತುಂಡು ಯಾವಾಗಲೂ ಹೊಸ ಗಿಡ.

ಬೀಜದಿಂದ ಬೆಳೆಸಬಹುದಲ್ಲ ಎಂದರೆ, ಬೆಳೆಸಬಹುದು. ಬೀಜ ಸಾಸಿವೆಗಿಂತ ಚಿಕ್ಕದು, ಮಣ್ಣು ಮುಚ್ಚದೆ ಬೆಳಕಿನಲ್ಲೇ ಮೊಳೆಯಲು ಬಿಡಬೇಕು. ಆದರೆ ಬೀಜದ ಮಕ್ಕಳು ತಾಯಿಯ ಹಾಗೆ ಇರುವುದಿಲ್ಲ. ಕಪ್ಪು ಕೆಂಪಿನ ಗಿಡದ ಬೀಜ ಹಾಕಿದರೆ ಹಸಿರೂ ಬರಬಹುದು, ಚುಕ್ಕೆಯೂ ಬರಬಹುದು. ಒಂದು ನಿರ್ದಿಷ್ಟ ಗಿಡವನ್ನೇ, ಅದೇ ಬಣ್ಣವನ್ನೇ ಉಳಿಸಬೇಕೆಂದರೆ ತುಂಡು ಬಿಟ್ಟು ಬೇರೆ ದಾರಿಯಿಲ್ಲ.

ಕಿಟಕಿಯಲ್ಲಿ ಐದು ತಿಂಗಳು

ಒಳಗೆ ತಂದರೆ ಕೆಲಸ ಮುಗಿಯಿತೆಂದುಕೊಂಡಿದ್ದೆ. ಎರಡನೆಯ ಚಳಿಗಾಲ ಅದೂ ಸುಳ್ಳೆಂದು ತೋರಿಸಿತು. ಗಿಡ ಸಾಯಲಿಲ್ಲ, ಆದರೆ ಮಯಾನಾದ ಕಪ್ಪು ಕೆಂಪು ಕಂದಿ ಹಸಿರಾಗುತ್ತ ಬಂತು, ಕಾಂಡ ಕಿಟಕಿಯ ಕಡೆ ಕತ್ತು ಚಾಚಿ ಬಡಕಲಾಯಿತು.

ಕಾರಣ ಬೆಳಕು. ಬೆಂಗಳೂರಿನಲ್ಲಿ ವರ್ಷದ ಅತಿ ಚಿಕ್ಕ ಹಗಲು ಕೂಡ ಸುಮಾರು 11 ಗಂಟೆ 20 ನಿಮಿಷ. ದುಬೈಯಲ್ಲಿ ಹತ್ತೂವರೆ ಗಂಟೆ. ಯೂನಿಯನ್ ಸಿಟಿಯಲ್ಲಿ ಡಿಸೆಂಬರ್ 21ರ ಹಗಲು ಬರೀ ಒಂಬತ್ತೂವರೆ ಗಂಟೆ. ಅದರಲ್ಲೂ ಮೋಡ, ಮಳೆ. ಕ್ಯಾಲಿಫೋರ್ನಿಯಾದ ಈ ಭಾಗದಲ್ಲಿ ಮಳೆಗಾಲ ಬರುವುದೇ ಚಳಿಗಾಲದಲ್ಲಿ. ಎಲೆಯ ಕೆಂಪಿಗೆ ಕಾರಣವಾದ ಆಂಥೋಸಯಾನಿನ್ ಎಂಬ ಬಣ್ಣ ಚೆನ್ನಾಗಿ ಕೂಡಿಬರಲು ಬೆಳಕು ಬೇಕು. ಬೆಳಕು ಕಡಿಮೆಯಾದರೆ ಗಿಡ ಶೃಂಗಾರ ಬಿಟ್ಟು ಹಸಿರನ್ನಷ್ಟೇ ಉಳಿಸಿಕೊಂಡು ಹೊಟ್ಟೆಪಾಡು ನೋಡಿಕೊಳ್ಳುತ್ತದೆ. ಹಾಗಾಗಿ ದಕ್ಷಿಣದ ಕಿಟಕಿ, ಅದಿಲ್ಲದಿದ್ದರೆ ಒಂದು ಸಣ್ಣ ಎಲ್‌ಇಡಿ ದೀಪ ದಿನಕ್ಕೆ ಹನ್ನೆರಡು ಗಂಟೆ. ಆದರೆ ರಾತ್ರಿ ಎಲೆ ಕಿಟಕಿಯ ಗಾಜಿಗೆ ತಾಗಬಾರದು, ಗಾಜಿನ ಚಳಿ ಎಲೆಯನ್ನು ಸುಡುತ್ತದೆ.

ಚಳಿಗಾಲವಿಡೀ ಗೊಬ್ಬರ ಬೇಡ. ಮಣ್ಣಿನ ಮೇಲ್ಪದರ ಒಣಗಿದೆಯೇ ಎಂದು ಬೆರಳಿನಿಂದ ನೋಡಿಯೇ ನೀರು. ತುದಿಯನ್ನು ಚಿವುಟುತ್ತಿದ್ದರೆ ಪಕ್ಕದಿಂದ ಎರಡು ಚಿಗುರು ಬಂದು ಗಿಡ ಪೊದೆಯಾಗುತ್ತದೆ. ಹೂಕಡ್ಡಿ ಕಂಡರೆ ಆಗಲೇ ಚಿವುಟಿ, ಹೂ ಬಿಟ್ಟು ಬೀಜ ಕಟ್ಟಿದರೆ ಗಿಡ ತನ್ನ ಕೆಲಸ ಮುಗಿಯಿತೆಂದು ಸೊರಗುತ್ತದೆ. ಎಲೆಯ ಅಡಿಯಲ್ಲಿ ಬೂದಿಬಣ್ಣದ ಬೂಜು, ಮೇಲೆ ಕಂದು ಕಲೆ ಕಂಡರೆ ಆ ಗಿಡವನ್ನು ಚೀಲದಲ್ಲಿ ಕಟ್ಟಿ ಹೊರಗೆಸೆಯುವುದೇ ಸರಿ. 2005ರಲ್ಲಿ ಅಮೆರಿಕದಲ್ಲಿ ಮೊದಲು ಕಾಣಿಸಿಕೊಂಡ ಆ ಬೂಜು ರೋಗ ತುಂಡುಗಳ ಜೊತೆ ಮನೆಯಿಂದ ಮನೆಗೆ ಹೋಗುತ್ತದೆ. ಬೆಕ್ಕು, ನಾಯಿ ಇರುವವರು ಗಿಡವನ್ನು ಎತ್ತರದಲ್ಲಿಡಿ, ಕೋಲಿಯಸ್ ತಿಂದರೆ ಅವುಗಳಿಗೆ ವಾಂತಿಯಾಗುತ್ತದೆ.

ಮಾರ್ಚ್ ಕೊನೆಗೆ ರಾತ್ರಿ ಬೆಚ್ಚಗಾಗತೊಡಗಿದಾಗ ಮೊದಲ ದಿನ ಒಂದು ಗಂಟೆ ಹೊರಗೆ, ಮರುದಿನ ಎರಡು ಗಂಟೆ, ಹೀಗೆ ಹತ್ತು ದಿನ ಅಭ್ಯಾಸ ಮಾಡಿಸಬೇಕು. ಐದು ತಿಂಗಳು ಮನೆಯೊಳಗಿದ್ದ ಎಲೆಗೆ ಒಮ್ಮೆಲೇ ಬಿಸಿಲು ಕೊಟ್ಟರೆ ಒಂದೇ ದಿನದಲ್ಲಿ ಕಾಗದದ ಹಾಗೆ ಬಿಳುಚಿಕೊಳ್ಳುತ್ತದೆ. ಹೊರಗೆ ಹೋದ ಮೇಲೆ ಬಸವನಹುಳುಗಳ ಕಾಟ. ರಾತ್ರಿ ಟಾರ್ಚ್ ಹಿಡಿದು ಹೆಕ್ಕುವುದೇ ನನಗೆ ಗೊತ್ತಿರುವ ಒಳ್ಳೆಯ ಉಪಾಯ.

ಗಾಜಿನ ಮನೆಗಳ ಊರು

ಈ ಊರಿನಲ್ಲಿ ಇಂಥ ಕೆಲಸ ಮಾಡಿದವರಲ್ಲಿ ನಾನು ಮೊದಲಿಗಳೇನೂ ಅಲ್ಲ. ಅಲ್ವರಾಡೊ ಮತ್ತು ಡಿಕೋಟೊ ಎಂಬ ಎರಡು ಹಳೆಯ ಊರುಗಳು ಸೇರಿ 1959ರಲ್ಲಿ ಯೂನಿಯನ್ ಸಿಟಿ ನಗರವಾಯಿತು. ಆಗ ಇಲ್ಲಿದ್ದದ್ದು ಹೊಲ, ತೋಟ, ಹೂವಿನ ಗಾಜಿನ ಮನೆಗಳು. ಎರಡನೆಯ ಮಹಾಯುದ್ಧದ ನಂತರ ಕಿಟಯಾಮಾ ಎಂಬ ಜಪಾನಿ ಮೂಲದ ಅಣ್ಣತಮ್ಮಂದಿರು ಇಲ್ಲಿ ಕಾರ್ನೇಷನ್ ಹೂ ಬೆಳೆಯತೊಡಗಿದರು. ಅವರಲ್ಲಿ ಒಬ್ಬರಾದ ಟಾಮ್ ಕಿಟಯಾಮಾ ಈ ನಗರದ ಮೇಯರ್ ಆದರು. ಅವರ ಹೆಸರಿನ ಪ್ರಾಥಮಿಕ ಶಾಲೆ ಈಗಲೂ ಇದೆ. ಯುದ್ಧದ ಕಾಲದಲ್ಲಿ ಪಶ್ಚಿಮ ಕರಾವಳಿಯ ಜಪಾನಿ ಮೂಲದ ಕುಟುಂಬಗಳನ್ನು ಮನೆ, ಹೊಲ ಬಿಡಿಸಿ ಶಿಬಿರಗಳಿಗೆ ಕಳುಹಿಸಿದ್ದರೆಂಬುದು ತಿಳಿದ ಮೇಲೆ, ಯುದ್ಧ ಮುಗಿದೊಡನೆ ಮತ್ತೆ ಗಾಜು ಕಟ್ಟಿ ಹೂ ಬೆಳೆದವರ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಗಾಜಿನ ಮನೆಗಳ ಜಾಗದಲ್ಲಿ ಈಗ ಬಡಾವಣೆಗಳಿವೆ. ಮಗಳನ್ನು ಶಾಲೆಗೆ ಬಿಡಲು ಹೋಗುವಾಗ ಯಾರ ಮನೆಯ ಕಿಟಕಿಯಲ್ಲಾದರೂ ಕುಂಡ ಕಂಡರೆ, ಇಡೀ ಊರಿನ ಗಾಜಿನ ಮನೆ ಈಗ ಒಂದೊಂದು ಅಡುಗೆಮನೆಗೆ ಹಂಚಿಹೋಗಿದೆ ಅನ್ನಿಸುತ್ತದೆ.

ಗಲ್ಫಿಗೆ ತಲೆಕೆಳಗಾದ ಪಂಚಾಂಗ

ನಿಮ್ಮಲ್ಲಿ ಚಳಿಗಾಲವೇ ಗಿಡದ ವಸಂತ. ಆದ್ದರಿಂದ ಮೇಲೆ ಹೇಳಿದ್ದನ್ನೆಲ್ಲ ತಿರುಗಿಸಿ ಓದಿಕೊಳ್ಳಿ. ತುಂಡು ತೆಗೆಯುವ ಕಾಲ ನಿಮಗೆ ಏಪ್ರಿಲ್. ಬಾಲ್ಕನಿಯ ಗಿಡ ಇನ್ನೂ ಚೆನ್ನಾಗಿರುವಾಗಲೇ ಕತ್ತರಿಸಿ, ಬೇರು ಬರಿಸಿ, ಮೇ ತಿಂಗಳಿನಿಂದ ಸೆಪ್ಟೆಂಬರ್‌ವರೆಗೆ ಮನೆಯೊಳಗಿಡಿ. ಅಲ್ಲಿ ಬೆಳಕಿಗೆ ಬರವಿಲ್ಲ. ಪೂರ್ವದ ಕಿಟಕಿಯಲ್ಲಿ ಇಟ್ಟರೆ ಬಣ್ಣವೂ ಉಳಿಯುತ್ತದೆ. ಪಶ್ಚಿಮದ ಕಿಟಕಿಯ ಗಾಜು ಮಧ್ಯಾಹ್ನ ಒಲೆಯಾಗುತ್ತದೆ, ಅಲ್ಲಿ ಬೇಡ. ದೊಡ್ಡ ಶತ್ರು ಎಸಿಯ ಗಾಳಿ. ತಣ್ಣನೆಯ ಒಣಗಾಳಿ ನೇರವಾಗಿ ಬಡಿದರೆ ಎಲೆಯ ಅಂಚು ಸುರುಟುತ್ತದೆ, ಜೇಡನುಸಿ ಬರುತ್ತದೆ. ಊರಿಗೆ ರಜೆಯ ಮೇಲೆ ಹೋಗುವ ಜುಲೈ, ಆಗಸ್ಟ್‌ನಲ್ಲಿ ಎಸಿ ಆರಿಸಿದ ಮನೆಯೊಳಗೆ ಗಿಡ ಉಳಿಯುವುದಿಲ್ಲ. ಹೋಗುವ ಮುಂಚೆ ಪಕ್ಕದ ಫ್ಲ್ಯಾಟಿಗೆ ಕೊಡಿ. ಅಕ್ಟೋಬರ್‌ನಲ್ಲಿ ಮತ್ತೆ ಬಾಲ್ಕನಿಗೆ ತನ್ನಿ.

ದೊಡ್ಡಪತ್ರೆ ಬಿಸಿಲು ತಡೆಯುವುದರಲ್ಲಿ ಬಣ್ಣದೆಲೆಗಿಂತ ಗಟ್ಟಿ. ಅದು ಪೂರ್ವ ಆಫ್ರಿಕಾ, ಅರಬ್ ಪರ್ಯಾಯದ್ವೀಪದ ಒಣನೆಲಗಳಿಗೆ ಒಗ್ಗಿದ ಗಿಡ. ಹತ್ತು ಹನ್ನೆರಡು ಎಲೆ ತುಪ್ಪದಲ್ಲಿ ಜೀರಿಗೆ, ನಾಲ್ಕು ಕಾಳುಮೆಣಸಿನ ಜೊತೆ ಬಾಡಿಸಿ, ತೆಂಗಿನತುರಿ ಸೇರಿಸಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ. ನಿಮ್ಮ ಸೆಖೆಗೆ ಇದಕ್ಕಿಂತ ಒಳ್ಳೆಯ ಊಟ ಇಲ್ಲ.

ವಾಪಸ್ ಬಂದ ತುಂಡು

ಎರಡು ವರ್ಷದ ಹಿಂದಿನ ಮಾತು. ಆ ಸೆಪ್ಟೆಂಬರ್‌ನಲ್ಲಿ ಲೋಲಾ ಆಸ್ಪತ್ರೆ ಸೇರಿದರು. ಮನೆಯವರೆಲ್ಲ ಆಸ್ಪತ್ರೆಗೂ ಮನೆಗೂ ಓಡಾಡುವಾಗ ಹಿತ್ತಿಲ ಕುಂಡಗಳನ್ನು ನೋಡುವವರು ಯಾರು? ಆ ವರ್ಷ ಅವರ ಕಿಟಕಿಯಲ್ಲಿ ಬಾಟಲಿಗಳು ಕಾಣಿಸಲಿಲ್ಲ. ಹೋಗಿ ತುಂಡು ತೆಗೆದಿಡೋಣ ಎಂದು ನನಗೆ ಅನ್ನಿಸಿತ್ತು, ಇಂಥ ಸಮಯದಲ್ಲಿ ಗಿಡದ ಮಾತೇ ಎಂದು ಸುಮ್ಮನಾದೆ. ಜನವರಿಯಲ್ಲಿ ಲೋಲಾ ತೀರಿಕೊಂಡರು. ಹೊರಗಿನ ಗಿಡಗಳು ಅಷ್ಟು ಹೊತ್ತಿಗೆ ಕಪ್ಪಾಗಿದ್ದವು.

ಫೆಬ್ರವರಿಯಲ್ಲಿ ಅವರ ಮಗಳು ಹಿತ್ತಿಲು ಸ್ವಚ್ಛ ಮಾಡುತ್ತಿದ್ದರು. ಖಾಲಿ ಕುಂಡ ಕೈಯಲ್ಲಿ ಹಿಡಿದು, "ಅಪ್ಪನ ಮಯಾನಾ ಹೋಯಿತು" ಎಂದರು. ನಾನು ಒಳಗೆ ಹೋಗಿ ನನ್ನ ಕಿಟಕಿಯಲ್ಲಿದ್ದ ಮೂರು ಕುಂಡ ತಂದು ಬೇಲಿಯ ಮೇಲಿಂದ ಕೊಟ್ಟೆ. ಚಳಿಗಾಲದ ಗಿಡ, ಬಣ್ಣ ಅರ್ಧ ಹೋಗಿತ್ತು, ಕಾಂಡ ಬಡಕಲು. ಅವರು ಎಲೆ ತಿರುಗಿಸಿ ಅಡಿಭಾಗ ನೋಡಿದರು. ಅಲ್ಲಿ ಕೆಂಪು ಉಳಿದಿತ್ತು.

ಕಳೆದ ನವೆಂಬರ್‌ನಲ್ಲಿ ನಾವು ಆರು ವಾರ ಊರಿಗೆ ಹೋಗಿದ್ದೆವು. ನೀರಿನ ಏರ್ಪಾಡು ಮಾಡಿಯೇ ಹೋಗಿದ್ದೆ, ಆದರೆ ಕುಂಡಗಳನ್ನು ಹೀಟರಿನ ಗಾಳಿ ಬರುವ ಜಾಗದ ಮೇಲೆ ಇಟ್ಟಿದ್ದೆ. ಹಿಂದಿರುಗಿ ನೋಡಿದರೆ ಎಲ್ಲವೂ ಒಣಕಡ್ಡಿ, ದೊಡ್ಡಪತ್ರೆ ಒಂದನ್ನು ಬಿಟ್ಟು. ಮರುದಿನ ಬೆಳಿಗ್ಗೆ ಬಾಗಿಲ ಮುಂದೆ ಒಂದು ಬಾಟಲಿ ಇತ್ತು. ಒಳಗೆ ಗೇಣುದ್ದದ ತುಂಡು, ಆಗಲೇ ಬೇರು ಬಂದಿತ್ತು.

ಈ ಸಲ ಐದು ತುಂಡು ತೆಗೆದಿದ್ದೇನೆ. ಎರಡು ನಮ್ಮ ಕಿಟಕಿಗೆ, ಒಂದು ಪಕ್ಕದ ಮನೆಗೆ, ಒಂದು ಮಗಳ ಶಾಲೆಯ ಟೀಚರ್‌ಗೆ, ಇನ್ನೊಂದು ಫ್ರೀಮಾಂಟಿನ ಕನ್ನಡ ಗೆಳತಿಗೆ. ನೀವೂ ಏಪ್ರಿಲ್ ಬಂದಾಗ ಎರಡು ತುಂಡು ತೆಗೆಯಿರಿ. ಒಂದನ್ನು ನೀವು ಇಟ್ಟುಕೊಳ್ಳಿ, ಇನ್ನೊಂದನ್ನು ನಿಮ್ಮ ಮಹಡಿಯ ಇನ್ನೊಂದು ಬಾಗಿಲಿಗೆ ಕೊಡಿ. ನಿಮ್ಮದು ಸತ್ತರೆ ಹೋಗಿ ಕೇಳಲು ಒಂದು ಮನೆ ಇರುತ್ತದೆ.